ಪಯಾನ್ ಆದರೆ 346 ಕಳೆ

ಸಂಶೋಧನಾ ಪತ್ರಿಕೆಯಿಂದ ಬಂದ ಮೇಲ್ ನಾಲ್ಕೇ ಸಾಲಿನದು. ಲೇಖನ ಒಪ್ಪಿಗೆಯಾಗಿದೆ, ಸಂತೋಷ. ಆದರೆ ಹೊಸ ನಿಯಮದಂತೆ, ಲೆಕ್ಕ ಮಾಡಿದ ಕಂಪ್ಯೂಟರ್ ಪ್ರೋಗ್ರಾಮನ್ನು ಯಾರು ಬೇಕಾದರೂ ಇಳಿಸಿಕೊಂಡು ಓದುವ ಹಾಗೆ ಪೂರ್ತಿಯಾಗಿ ಒಪ್ಪಿಸಬೇಕು. ಮೂರು ವಾರ ಸಮಯವಿದೆ.

ಪ್ರೊಫೆಸರು ಅದನ್ನು ಓದಿ ಕನ್ನಡಕ ತೆಗೆದರು. ಎದುರಿಗೆ ಕೂತಿದ್ದ ಫಿಟ್ಟಿಂಗ್ ಮೇಡಂ ಕಡೆ ನೋಡಿ, "ಕಳಿಸಿಬಿಡಮ್ಮ. ಮುಚ್ಚಿಡೋಕೆ ನಮ್ಮ ಹತ್ರ ಏನಿದೆ?" ಎಂದರು.

"ಆಗ್ಲಿ ಸರ್" ಎಂದು ಮೇಡಂ ಎದ್ದು ಬಂದರು. ನೇರ ತಮ್ಮ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರು.

ಭೌತಶಾಸ್ತ್ರ ವಿಭಾಗದ ಮೊದಲ ಮಹಡಿಯಲ್ಲಿ, ಉದ್ದನೆಯ ಓಣಿಯ ಕೊನೆಗೆ, ಕುಡಿಯುವ ನೀರಿನ ಯಂತ್ರದ ಪಕ್ಕದಲ್ಲಿ ಹದಿನಾಲ್ಕನೇ ನಂಬರಿನ ಕೋಣೆಯಿದೆ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಹಳೆಯ ಕಾಗದ ತುಂಬಿದ ಕಬ್ಬಿಣದ ಕಪಾಟು. ಕಿಟಕಿಯಿಂದ ನೋಡಿದರೆ ಸೈಕಲ್ ಸ್ಟ್ಯಾಂಡು. ಇಪ್ಪತ್ತೆಂಟು ವರ್ಷಗಳಿಂದ ಮೇಡಂ ಕೂರುವುದು ಅಲ್ಲಿ. ಹುದ್ದೆಯ ಹೆಸರು ಗಣಕ ಸಹಾಯಕಿ. ಓದಿದ್ದು ಗಣಿತದಲ್ಲಿ ಪದವಿ. ಅವರಿಗೆ ಫಿಟ್ಟಿಂಗ್ ಮೇಡಂ ಎಂದು ಹೆಸರಿಟ್ಟವರು ವಿದ್ಯಾರ್ಥಿಗಳು, ಅದರಲ್ಲಿ ಕುಹಕವಿರಲಿಲ್ಲ. ಅವರು ದಿನವಿಡೀ ಮಾಡುತ್ತಿದ್ದದ್ದೇ ಅದು.

ಪ್ರೊಫೆಸರ ಜೀವಮಾನದ ಕೆಲಸ ಮೆಸಾನ್‌ಗಳ ಒಳರಚನೆ. ಮೆಸಾನ್ ಅಂದರೆ ಒಂದು ಕ್ವಾರ್ಕು, ಒಂದು ಪ್ರತಿಕ್ವಾರ್ಕು ಎಂಬ ಎರಡು ಸೂಕ್ಷ್ಮ ಕಣಗಳು ಸೇರಿ ಮಾಡಿಕೊಂಡ ಅಲ್ಪಾಯುಷಿ ಸಂಸಾರ. ಕ್ವಾರ್ಕನ್ನು ಹೊರಗೆಳೆದು ಬಿಡಿಯಾಗಿ ನೋಡಿದವರು ಯಾರೂ ಇಲ್ಲ. ಎಳೆದಷ್ಟೂ ನಡುವಿನ ಬಿಗಿ ಹೆಚ್ಚುತ್ತದೆಯೇ ಹೊರತು ಅದು ಬಿಟ್ಟು ಬರುವುದಿಲ್ಲ. ಒಳಗೆ ಹೋಗಿ ನೋಡಲಾಗದ ಮನೆಯ ಬಗ್ಗೆ ಹೊರಗಿನವರು ಮಾಡುವುದನ್ನೇ ಭೌತವಿಜ್ಞಾನಿಗಳೂ ಮಾಡುತ್ತಾರೆ: ಊಹಿಸುತ್ತಾರೆ. ಆ ಊಹೆಗೆ ಮಾದರಿ ಎಂದು ಹೆಸರು. ಇಷ್ಟು ತೂಕದ ಎರಡು ಕ್ವಾರ್ಕು, ನಡುವೆ ಇಂಥ ಸೆಳೆತ, ಸ್ಪಿನ್ನು ಅಂದರೆ ತಿರುಗುವ ಗುಣ ಇಂಥದ್ದು ಎಂದಿಟ್ಟುಕೊಂಡು ಲೆಕ್ಕ ಹಾಕುವುದು. ಬಂದ ತೂಕ ಪ್ರಯೋಗಶಾಲೆಗಳಲ್ಲಿ ಅಳೆದ ತೂಕಕ್ಕೆ ತಾಳೆಯಾದರೆ ಊಹೆಗೆ ಮರ್ಯಾದೆ.

ಪ್ರೊಫೆಸರ ಮಾದರಿಯಲ್ಲಿ ಆರು ತಿರುಗಣೆಗಳಿದ್ದವು, ಅಂದರೆ ಬೇಕಾದಂತೆ ಹೆಚ್ಚುಕಡಿಮೆ ಮಾಡಬಹುದಾದ ಆರು ಸಂಖ್ಯೆಗಳು. ಅವನ್ನು ತಿರುಗಿಸಿ ಹದಿನೇಳು ಹಗುರ ಮೆಸಾನ್‌ಗಳನ್ನು ಅಳೆದ ತೂಕಗಳಿಗೆ ಒಟ್ಟಿಗೆ ಕೂರಿಸುವುದು, ಅಂದರೆ ಫಿಟ್ಟಿಂಗು, ಮೇಡಂ ಪಾಲಿನ ಕೆಲಸ. ಒಂದನ್ನು ಬಿಗಿ ಮಾಡಿದರೆ ಇನ್ನೊಂದು ಸಡಿಲ. ಹದಿನಾರು ಕೂತವು. ಕೂರದೆ ಉಳಿದದ್ದು ಎಲ್ಲಕ್ಕಿಂತ ಹಗುರವಾದ ಪಯಾನ್. ಅದರ ತಂಗಿಯಂತಿರುವ ರೋ ಮೆಸಾನ್‌ನಲ್ಲೂ ಅವೇ ಎರಡು ಕ್ವಾರ್ಕುಗಳು, ಸ್ಪಿನ್ನಿನ ದಿಕ್ಕು ಮಾತ್ರ ಬೇರೆ. ಕಣಗಳನ್ನು ತೂಗುವ ಮಾನದಲ್ಲಿ ರೋ 775 ತೂಗುತ್ತದೆ, ಲೆಕ್ಕದಲ್ಲೂ ಅಷ್ಟೇ ಬಂತು. ಪಯಾನ್ 140 ತೂಗಬೇಕು; ಲೆಕ್ಕದಲ್ಲಿ 486 ಬಂತು.

ಇದು ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಪ್ರೊಫೆಸರು ದೂರದ ಸಮ್ಮೇಳನಕ್ಕೆ ಹೋಗಿದ್ದರು. ಮಧ್ಯಾಹ್ನದ ಭಾಷಣಕ್ಕೆ ಹೊಸ ಕೋಷ್ಟಕ, ನಕ್ಷೆ ಬೇಕೆಂದು ಬೆಳಗ್ಗೆ ಫೋನು ಬಂತು. 486ರ ಪಯಾನ್ ನಕ್ಷೆಯಲ್ಲಿ ಗುಂಪು ಬಿಟ್ಟ ಕುರಿಯಂತೆ ಎಲ್ಲೋ ನಿಂತಿತ್ತು. ಅದು ತನ್ನ ಜಾಗದಲ್ಲಿದ್ದಿದ್ದರೆ ಹೇಗೆ ಕಾಣುತ್ತಿತ್ತು ಎಂದು ನೋಡುವ ಆಸೆಯಿಂದ ಮೇಡಂ ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದರು: ಮೆಸಾನ್ ಪಯಾನ್ ಆದರೆ 346 ಕಳೆ. ಪಕ್ಕದಲ್ಲಿ ಟಿಪ್ಪಣಿ: "ತಾತ್ಕಾಲಿಕ. ಸರ್ ಬಂದ ಮೇಲೆ ಕೇಳಬೇಕು." ಚಿತ್ರ ಚೆನ್ನಾಗಿ ಬಂತು. ಎರಡು ಕೋಷ್ಟಕಗಳಲ್ಲಿ ಚೆನ್ನಾಗಿದ್ದದ್ದೇ ಫ್ಯಾಕ್ಸಿಗೆ ಹೋಯಿತು. ಅವಸರದಲ್ಲಿ ಕೈತಪ್ಪಿತೋ, ಕೈಗೆ ಅದೇ ಬೇಕಿತ್ತೋ, ಮೇಡಂಗೆ ಇವತ್ತಿಗೂ ಖಚಿತವಿಲ್ಲ.

ಸಂಜೆ ಮತ್ತೆ ಫೋನು.

"ಪಯಾನ್ ಕೂತಿದೆಯಲ್ಲಮ್ಮ! ಹೇಗೆ?"

"ಸರ್, ಅಲ್ಲೊಂದು ಸ್ಥಿರಾಂಕ ಹಾಕಿದೀನಿ, ಅದನ್ನ ನೀವು ಬಂದ ಮೇಲೆ..."

"ಸ್ಥಿರಾಂಕ! ಅದೇ, ನಿರ್ವಾತದ ಪರಿಣಾಮ! ನಂಗೆ ಮೊದ್ಲಿಂದ ಅನುಮಾನ ಇತ್ತು" ಎಂದವರೇ ಇಟ್ಟುಬಿಟ್ಟರು.

ವಾಪಸು ಬಂದಾಗ ಅವರ ಕೈಯಲ್ಲಿ ಪೆನ್ಸಿಲಿನಲ್ಲಿ ಬರೆದ ಮೂರು ಪುಟಗಳಿದ್ದವು. 346ಕ್ಕೆ ನಿರ್ವಾತ ತಿದ್ದುಪಡಿ ಎಂದು ನಾಮಕರಣವಾಗಿತ್ತು. ಪ್ರೊಫೆಸರು ಪ್ರೋಗ್ರಾಮನ್ನು ಎಂದೂ ತೆರೆದು ನೋಡಿದವರಲ್ಲ. ಊಟ ಚೆನ್ನಾಗಿದ್ದರೆ ಅಡುಗೆಮನೆಗೆ ಇಣುಕದ ಯಜಮಾನರ ಪೈಕಿ. ಮೇಡಂ ಎರಡು ಸಲ ಹೇಳಲು ಹೋದರು. ಮೊದಲ ಸಲ ಅಲ್ಲಿ ಅತಿಥಿಗಳಿದ್ದರು. ಎರಡನೇ ಸಲ ಹೋಗುವ ಹೊತ್ತಿಗೆ ಲೇಖನ ಅಚ್ಚಾಗಿತ್ತು. ಆಮೇಲೆ ಹನ್ನೊಂದು ಲೇಖನ, ಮೂರು ಡಾಕ್ಟರೇಟು. ಅವುಗಳಲ್ಲಿ ಅತಿ ಚೆಂದದ್ದು, ಈ ತಿದ್ದುಪಡಿ ಕೇಯಾನ್ ಎಂಬ ಇನ್ನೊಂದು ಮೆಸಾನನ್ನು ಯಾಕೆ ಮುಟ್ಟುವುದಿಲ್ಲ ಎಂದು ಇನ್ನೂರ ಹತ್ತು ಪುಟಗಳಲ್ಲಿ ಸಾಧಿಸಿದ ಪ್ರಬಂಧ. ಮುಟ್ಟದಿರಲು ಕಾರಣ, ಆ ಸಾಲಿನಲ್ಲಿ "ಪಯಾನ್ ಆದರೆ" ಎಂದಿತ್ತು.

ಆ ಹನ್ನೊಂದು ಲೇಖನಗಳಲ್ಲಿ ಒಂದರಲ್ಲೂ ಮೇಡಂ ಹೆಸರಿಲ್ಲ. ಹತ್ತು ವರ್ಷದ ಹಿಂದೆ ಒಮ್ಮೆ ಧೈರ್ಯ ಮಾಡಿ ಕೇಳಿದ್ದರು. ಪ್ರೊಫೆಸರು ಅಕ್ಕರೆಯಿಂದಲೇ, "ಹೆಸರು ಹಾಕಿದ್ರೆ ಜವಾಬ್ದಾರಿ ಬರುತ್ತಮ್ಮ. ನಿನಗ್ಯಾಕೆ ಆ ತಲೆನೋವು?" ಎಂದಿದ್ದರು. ಆ ತಲೆನೋವಿಗಾಗಿ ಮೇಡಂ ಹತ್ತು ವರ್ಷ ಆಸೆಪಟ್ಟರು. ಈಗಿನದು ಪ್ರೊಫೆಸರ ಕೊನೆಯ ಲೇಖನ. ಈ ವರ್ಷದ ಅವಧಿ ಮುಗಿದರೆ ಅವರ ನಿವೃತ್ತಿ, ಮರುವರ್ಷ ಮೇಡಂದು. ಇದರಲ್ಲಿ ಬರದ ಹೆಸರು ಇನ್ನೆಲ್ಲೂ ಬರುವುದಿಲ್ಲ.

ಮೇಡಂ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೇಡಂ ಚಪ್ಪಲಿ ಬಿಟ್ಟವರೇ ಅಲ್ಲಿದ್ದ ಸ್ಟೂಲಿನ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದರು. ಗಂಡ ಹೊಲಿಗೆಯಂತ್ರದ ಚಕ್ರಕ್ಕೆ ಕೈ ಅಡ್ಡ ಹಿಡಿದು ನಿಲ್ಲಿಸಿದರು.

"ಅಂದ್ರೆ, ಟ್ರಯಲ್‌ಗೆ ಹಾಕಿದ ಕಚ್ಚಾ ಹೊಲಿಗೆ ಬಿಚ್ಚದೇನೇ ಇಸ್ತ್ರಿ ಮಾಡಿ ಕೊಟ್ಬಿಟ್ಟೆ."

"ಹೂಂ ರೀ."

"ಗಿರಾಕಿ ಏನಂದ?"

"ಹನ್ನೊಂದು ಲೇಖನ ಬರ್ದ್ರು."

ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು, "ನಮ್ಮ ಕಸುಬಲ್ಲಿ ಇಂಥ ಗಿರಾಕಿ ಸಿಗಲ್ಲ ಕಣೇ" ಎಂದರು.

"ನಿಮಗೆ ನಗು. ನನಗಿಲ್ಲಿ ಜೀವ ಹೋಗ್ತಿದೆ. ಆ ಸಾಲನ್ನ ಬಚ್ಚಿಡೋದು ನನಗೆ ಅರ್ಧ ಗಂಟೆ ಕೆಲಸ."

"ಬಚ್ಚಿಡು ಮತ್ತೆ. ಅಳ್ತಾ ಯಾಕೆ ಕೂತಿದೀಯ?"

ಶನಿವಾರ ಮೇಡಂ ಬಚ್ಚಿಟ್ಟರು. ಅರ್ಧ ಗಂಟೆಯೂ ಬೇಕಾಗಲಿಲ್ಲ. ಸಾಲನ್ನು ಅದರ ಜಾಗದಿಂದ ಕಿತ್ತು, 346ನ್ನು ಮೇಲಿನ ಸಂಖ್ಯೆಗಳ ಪಟ್ಟಿಯಲ್ಲಿ ಏಳನೆಯದಾಗಿ ಕೂರಿಸಿ, ಗಂಭೀರವಾದ ಹೆಸರು ಕೊಟ್ಟರು. ಟಿಪ್ಪಣಿ ಅಳಿಸಿದರು. ಈಗ ಯಾರು ನೋಡಿದರೂ ಅದು ನಿಸರ್ಗದಿಂದ ನೇರವಾಗಿ ಇಳಿದು ಬಂದಂತಿತ್ತು. ಮೂರು ಸಲ ಮೇಲಿನಿಂದ ಕೆಳಗೆ ಓದಿದರು. ಮೂರನೇ ಸಲಕ್ಕೆ ತಮಗೇ ಅದು ನಿಜವೆನ್ನಿಸತೊಡಗಿತು. ಜೊತೆಗೆ ಇನ್ನೊಂದೂ ಹೊಳೆಯಿತು: ಮೂರು ಸಾವಿರ ಸಾಲುಗಳಲ್ಲಿ ಸರ್ ಬರೆದುಕೊಟ್ಟ ಸೂತ್ರವಲ್ಲದೆ ತಮ್ಮ ಸ್ವಂತ ತಲೆಯಿಂದ ಬಂದದ್ದು ಅದೊಂದೇ, ಅದೂ ಸುಳ್ಳು. ಆ ಸುಳ್ಳನ್ನೂ ಬೇರೆಯವರ ಹೆಸರಿಗೆ ಬರೆದುಕೊಡುವುದೆಂದರೆ ಯಾಕೋ ಹೊಟ್ಟೆ ಉರಿಯಿತು. ಎಲ್ಲವನ್ನೂ ಮೊದಲಿದ್ದಂತೆ ಮಾಡಿ, ಕೋಣೆಗೆ ಬೀಗ ಹಾಕಿಕೊಂಡು ಮನೆಗೆ ಹೋದರು.

ಸೋಮವಾರ ಮೊದಲು ಹೇಳಿದ್ದು ಕೇಯಾನ್ ಮೇಷ್ಟ್ರಿಗೆ. ಆ ಇನ್ನೂರ ಹತ್ತು ಪುಟಗಳ ಕರ್ತೃ ಈಗ ಅದೇ ವಿಭಾಗದಲ್ಲಿ ಅಧ್ಯಾಪಕ. ವಿದ್ಯಾರ್ಥಿಯಾಗಿದ್ದಾಗಿನಿಂದ ಮೇಡಂ ಕಣ್ಣೆದುರು ಬೆಳೆದವನು.

"ಕೂತ್ಕೊಪ್ಪ, ನಿಂತ್ಕೊಂಡು ಓದೋ ವಿಷಯ ಅಲ್ಲ" ಎಂದು ಪರದೆಯನ್ನು ಅವನ ಕಡೆ ತಿರುಗಿಸಿದರು.

ಅವನು ಓದಿದ. ಮುಖದ ರಕ್ತವೆಲ್ಲ ಇಳಿದುಹೋಯಿತು. ಮೊದಲು ಕೇಳಿದ್ದು, "ಮೇಡಂ, ಇದು ಬೇರೆ ಯಾರಿಗೆ ಗೊತ್ತು?" ಎರಡನೆಯದು, "ನನ್ನ ಡಿಗ್ರಿ ವಾಪಸ್ ತಗೋತಾರಾ?"

"ತಗೊಂಡು ಅವರೇನು ಮಾಡ್ತಾರೆ? ನೀರು ಕುಡಿ."

ನೀರು ಕುಡಿದ. ಐದು ನಿಮಿಷ ಸೈಕಲ್ ಸ್ಟ್ಯಾಂಡ್ ನೋಡಿದ. ಆಮೇಲೆ ಬಣ್ಣ ಮರಳಿತು. "ಆದ್ರೂ ಮೇಡಂ, ಪಯಾನ್ ನಿಜವಾಗ್ಲೂ ಬೇರೆ ಥರಾನೇ. ಬರೀ ಎರಡು ಕ್ವಾರ್ಕು ಕಟ್ಟಿ ಹಾಕಿದ್ರೆ ಅದು ಬರಲ್ಲ ಅಂತ ಜಗತ್ತಿಗೇ ಗೊತ್ತು. ನಿರ್ವಾತಕ್ಕೂ ಅದಕ್ಕೂ ಸಂಬಂಧ ಇದ್ದೇ ಇದೆ. ಅಂದ್ಮೇಲೆ ನನ್ನ ಪ್ರಬಂಧ ತಪ್ಪೇನಲ್ಲ. ಕಾರಣ ತಪ್ಪಿರಬಹುದು ಅಷ್ಟೇ."

"ಇನ್ನೂರ ಹತ್ತು ಪುಟದಲ್ಲಿ ಇದ್ದಿದ್ದೇ ಕಾರಣ ಅಲ್ವೇನಪ್ಪ?"

ಅವನು ಮತ್ತೆ ನೀರು ಕೇಳಿದ.

ಪ್ರೊಫೆಸರಿಗೆ ಹೇಳುವಾಗ ಮೇಡಂ ನಿಂತೇ ಇದ್ದರು. ಪೂರ್ತಿ ಕೇಳಿಸಿಕೊಂಡ ಅವರು ಮೇಜಿನ ಮೇಲಿನ ಪೆನ್ಸಿಲ್ಲುಗಳನ್ನು ಉದ್ದದ ಪ್ರಕಾರ ಜೋಡಿಸಿದರು. ಆಮೇಲೆ, "ನಾನು ಬಂದ ಮೇಲೆ ಕೇಳ್ತೀನಿ ಅಂತ ಬರ್ದಿದೀಯ. ಕೇಳಲೇ ಇಲ್ಲ" ಎಂದರು.

"ನೀವು ಉತ್ತರ ತಗೊಂಡೇ ಬಂದ್ರಿ ಸರ್."

ಪ್ರೊಫೆಸರು ಆಮೇಲೆ ಎರಡು ದಿನ ವಿಭಾಗಕ್ಕೆ ಬರಲಿಲ್ಲ. ಮೂರನೇ ದಿನ ಬಂದಾಗ ಮುಖ ತಿಳಿಯಾಗಿತ್ತು, ದನಿ ಬೆಣ್ಣೆಯಾಗಿತ್ತು. ಲೇಖನದ ಮೊದಲ ಪುಟವನ್ನು ಮೇಡಂ ಮುಂದಿಟ್ಟರು. ಶೀರ್ಷಿಕೆಯ ಕೆಳಗೆ ಇದ್ದದ್ದು ಎರಡು ಹೆಸರು. ಮೊದಲನೆಯದು ಮೇಡಂದು.

"ತುಂಬಾ ದಿನದಿಂದ ನನ್ನ ಮನಸ್ಸಲ್ಲಿ ಇತ್ತಮ್ಮ ಇದು. ಇಷ್ಟು ವರ್ಷದ ದುಡಿಮೆ ನಿಂದು, ನ್ಯಾಯವಾಗಿ ಮೊದಲ ಹೆಸರು ನಿಂದೇ ಬರಬೇಕು."

ಪುಟದ ಬುಡದಲ್ಲಿ ಸಣ್ಣಕ್ಷರದ ಅಡಿಟಿಪ್ಪಣಿಯಿತ್ತು: ಪ್ರೋಗ್ರಾಮ್ ಮತ್ತು ಅದರಲ್ಲಿನ ಸ್ಥಿರಾಂಕಗಳ ಹೊಣೆ ಮೊದಲ ಲೇಖಕರದು. ಮೇಡಂ ಹೆಸರನ್ನೂ ಓದಿದರು, ಅಡಿಟಿಪ್ಪಣಿಯನ್ನೂ ಓದಿದರು. ಹೆಸರಿನ ಕಾಗುಣಿತ ಸರಿಯಾಗಿತ್ತು. ಇಷ್ಟು ವರ್ಷ ಬೇಡಿದ್ದು ಕೈಗೆ ಬಂದಿತ್ತು. ಬಂದದ್ದು ಮಾತ್ರ ಬಾಲದ ಸಮೇತ.

"ಮೊದಲ ಲೇಖಕರು ಅಂದ್ರೆ ಏನೇನು ಮಾಡ್ಬೇಕು ಸರ್?"

"ಏನಿಲ್ಲಮ್ಮ. ಪತ್ರಿಕೆ ಜೊತೆ ಪತ್ರವ್ಯವಹಾರ, ಕೊನೆ ತಿದ್ದುಪಡಿ, ಕಳಿಸೋದು... ಅಷ್ಟೇ."

"ಹಾಗಾದ್ರೆ ಆಗ್ಲಿ ಸರ್. ಒಪ್ಪಿಗೆ."

ಮೇಡಂ ಉಳಿದಿದ್ದ ಹತ್ತು ದಿನಗಳಲ್ಲಿ ಕೊನೆಯ ತಿದ್ದುಪಡಿ ಮಾಡಿದರು. 346ರ ಸಾಲನ್ನು ಅಳಿಸಲಿಲ್ಲ. ಕೆಲಸ ಮಾಡದಂತೆ ನಿಲ್ಲಿಸಿ, ಯಾವಾಗ, ಯಾಕೆ ಸೇರಿಸಿದ್ದೆಂದು ಪಕ್ಕದಲ್ಲಿ ಬರೆದರು. ಪಯಾನನ್ನು ಬಿಟ್ಟು ಉಳಿದ ಹದಿನಾರನ್ನು ಹೊಸದಾಗಿ ಕೂರಿಸಿದರು, ಅವು ಅಲುಗಾಡಲಿಲ್ಲ. ನಿರ್ವಾತ ತಿದ್ದುಪಡಿಯ ಆರು ಪುಟ ಹೋಗಿ ಆ ಜಾಗಕ್ಕೆ ಒಂದು ವಾಕ್ಯ ಬಂತು: ಈ ಮಾದರಿಯಿಂದ ಪಯಾನ್ ಸಿಗುವುದಿಲ್ಲ; ಹಿಂದಿನ ಲೇಖನಗಳಲ್ಲಿ ಸಿಕ್ಕಿದ್ದು ಕೈಯಿಂದ ಹಾಕಿದ ಸಂಖ್ಯೆಯಿಂದ. ಕೋಷ್ಟಕದಲ್ಲಿ ಪಯಾನ್ ಎದುರಿಗೆ 486 ಎಂದೇ ಹಾಕಿದರು.

ಪ್ರೊಫೆಸರ ಪೆನ್ಸಿಲು ಆ ಸಂಖ್ಯೆಯ ಮೇಲೆ ನಿಂತುಬಿಟ್ಟಿತು.

"ನಾನೂರ ಎಂಬತ್ತಾರು ಅಂತ ಅಚ್ಚು ಹಾಕಿಸ್ತೀಯೇನಮ್ಮ? ಜನ ನಗ್ತಾರೆ."

"ನಗ್ಲಿ ಸರ್. ಹೊಣೆ ನಂದು ಅಂತ ನೀವೇ ಬರ್ದಿದೀರಲ್ಲ."

ಪ್ರೊಫೆಸರು ಪೆನ್ಸಿಲನ್ನು ಅಡಿಟಿಪ್ಪಣಿಗೆ ಇಳಿಸಿದರು, ಮತ್ತೆ 486ಕ್ಕೆ ತಂದರು. ಅಡಿಟಿಪ್ಪಣಿ ಹೊಡೆದುಹಾಕಿದರೆ ಹೊಣೆ ಅವರದೇ ಆಗುತ್ತದೆ; ಉಳಿಸಿಕೊಂಡರೆ ಪಯಾನ್ ಹೋಗುತ್ತದೆ. ಮೂವತ್ತೊಂದು ವರ್ಷ ಕ್ವಾರ್ಕುಗಳನ್ನು ಕಟ್ಟಿಹಾಕಿದ ಮನುಷ್ಯನಿಗೆ ಎರಡು ಕಡೆಯೂ ಬಿಡಿಸಿಕೊಳ್ಳಲಾಗದ ಬಿಗಿ ಏನೆಂದು ವಿವರಿಸಬೇಕಾಗಿರಲಿಲ್ಲ. ಕೊನೆಗೆ ಪೆನ್ಸಿಲನ್ನು ಜೇಬಿಗೆ ಸಿಕ್ಕಿಸಿಕೊಂಡು, "ಕಳಿಸಮ್ಮ" ಎಂದರು.

ಲೇಖನ ಬದಲಾಗಿದ್ದರಿಂದ ಪತ್ರಿಕೆಯವರು ಮತ್ತೆ ಪರೀಕ್ಷಕರಿಗೆ ಕಳಿಸಿದರು. ಮೂರು ತಿಂಗಳಾಯಿತು. ಪರೀಕ್ಷಕರ ಉತ್ತರ ಚಿಕ್ಕದಾಗಿತ್ತು: ಹದಿನಾರು ಬಂದಿವೆ, ಒಂದು ಬಂದಿಲ್ಲ, ಬಂದಿಲ್ಲವೆಂದು ಬರೆದಿದ್ದಾರೆ, ಪ್ರಕಟಿಸಬಹುದು. ಪ್ರೊಫೆಸರು ತಮ್ಮ ಬೀಳ್ಕೊಡುಗೆಯ ಭಾಷಣದಲ್ಲಿ ವಿಜ್ಞಾನದಲ್ಲಿ ಪ್ರಾಮಾಣಿಕತೆಯ ಮಹತ್ವದ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. ಕೇಯಾನ್ ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಪ್ರೋಗ್ರಾಮನ್ನು ಮೊದಲ ತಿಂಗಳು ಇಳಿಸಿಕೊಂಡವರು ಒಂಬತ್ತು ಮಂದಿ. ಅವರಲ್ಲಿ ಒಬ್ಬರಿಂದ, ಇನ್ನೊಂದು ದೇಶದ ವಿಶ್ವವಿದ್ಯಾಲಯದಿಂದ, ಮೊದಲ ಲೇಖಕರ ವಿಳಾಸಕ್ಕೆ ಒಂದು ಪತ್ರ ಬಂತು. ಬರೆದಾಕೆ ಅಲ್ಲಿನ ಗಣಕ ಸಹಾಯಕಿ. ಮಾನ್ಯ ಡಾಕ್ಟರರೇ ಎಂದು ಶುರುಮಾಡಿ, ನೀವು ನಿಲ್ಲಿಸಿಟ್ಟ ಸಾಲನ್ನು ಓದಿದೆ ಎಂದಿದ್ದಳು. ನಮ್ಮ ಪ್ರೋಗ್ರಾಮಿನಲ್ಲೂ ಅಂಥದ್ದೊಂದಿದೆ, ನಮ್ಮದು 352. ಹದಿನಾಲ್ಕು ವರ್ಷವಾಯಿತು. ನಮ್ಮ ಪ್ರೊಫೆಸರಿಗೆ ಹೇಳುವುದು ಹೇಗೆಂದು ದಯವಿಟ್ಟು ತಿಳಿಸುತ್ತೀರಾ?

ಮೇಡಂ ಪತ್ರವನ್ನು ಎರಡು ಸಲ ಓದಿದರು. ತಾನು ಡಾಕ್ಟರ್ ಅಲ್ಲವೆಂದು ಮೊದಲು ಬರೆದರು, ಆಮೇಲೆ ಆ ವಾಕ್ಯ ಅಳಿಸಿದರು. ಉತ್ತರ ಅವತ್ತೇ ಹೋಯಿತು: "ಸಾಲನ್ನು ಅಳಿಸಬೇಡಿ. ಬೆಳಗ್ಗೆ, ಅವರೊಬ್ಬರೇ ಇದ್ದಾಗ ಹೇಳಿ. ಎರಡು ದಿನ ಅವರು ಬರುವುದಿಲ್ಲ, ಗಾಬರಿಯಾಗಬೇಡಿ. ಮೂರನೇ ದಿನ ಬಂದು ಏನು ಕೊಟ್ಟರೂ ತೆಗೆದುಕೊಳ್ಳಿ. ಆದರೆ ಕೊನೆಯ ತಿದ್ದುಪಡಿ ಯಾರು ಮಾಡುವುದು ಎಂದು ಮೊದಲೇ ಕೇಳಿಕೊಳ್ಳಿ."