ಸೀತಾರಾಮ ಅಂತ ಸುಟ್ಟೆವು

ಅವತ್ತು ಸೋಮವಾರ. ಗುಜರಾತಿನ ಉಧ್ನಾ ಸ್ಟೇಷನ್ ಹತ್ತಿರದ ನಮ್ಮ ಹೋಟೆಲಿನಲ್ಲಿ ನಮ್ಮವರು ಸಾಂಬಾರಿಗೆ ಬೆಲ್ಲ ಹಾಕುತ್ತಾ ಗೊಣಗಿದರು. "ಉಡುಪಿಯವರಿಗೂ ಬೆಲ್ಲ, ಗುಜರಾತಿಗಳಿಗೂ ಬೆಲ್ಲ. ನಾನೆಲ್ಲಿ ಸಾಯಲಿ ಮಾರಾಯ್ತಿ?"

"ನೀವೇನು ಉಡುಪಿಯವರಲ್ವಾ?" ಅಂದೆ.

ನಕ್ಕರು. ಪಕ್ಕದ ಮನೆಯವರು ಕೊಟ್ಟ ಸಜ್ಜೆ ರೊಟ್ಟಿಗೆ ಹಸಿಮೆಣಸು ಕಚ್ಚಿಕೊಂಡು ಉಂಡರು. ಮರುದಿನ ಬೆಳಿಗ್ಗೆ ಕಾವಲಿ ಎದುರೇ ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ.

ನಮ್ಮ ಮದುವೆ ಮಾಡಿಸಿದ್ದು ಹೋಟೆಲಿನ ಹಳೇ ಯಜಮಾನರು, ನಮ್ಮ ಕುಂದಾಪುರದವರು. "ಹುಡುಗ ನಮ್ಮ ಕಡೆಯವನೇ. ಅಪ್ಪ ಅಮ್ಮ ಇಲ್ಲ" ಅಂದಿದ್ದರು. ಅವರಿಗೂ ಇವರು ಹೇಳಿದ್ದೇ ಸತ್ಯ. ಹೋಟೆಲಿನ ಬೋರ್ಡಿನ ಮೇಲೆ 'ಸೀತಾರಾಮ' ಅಂತ ಇತ್ತು. ಗಿರಾಕಿಗಳು ಇವರನ್ನೇ ಸೀತಾರಾಮ್‌ಭಾಯ್ ಅಂತ ಕರೆದರು. ಇವರು ಹೂಂ ಅಂದರು. ಆಧಾರ್‌ನಲ್ಲೂ ಅದೇ ಬಂತು. ಇಪ್ಪತ್ತಾರು ವರ್ಷ ನಾನು ಆ ಹೆಸರಿನವರ ಹೆಂಡತಿ.

ತಾಪಿ ದಂಡೆಯಲ್ಲಿ ಸುಟ್ಟೆವು. ಮಗಳು ನಿಕಿತಾ ಬೆಂಕಿ ಕೊಟ್ಟಳು. ಬೂದಿ ನದಿಗೆ ಬಿಟ್ಟೆವು.

ಹದಿಮೂರು ದಿನ ಕಳೆದ ಮೇಲೆ ಅವರ ಟ್ರಂಕು ತೆಗೆದೆ. ತಳದಲ್ಲಿ ಒಂದು ಕಾಗದ, ಒಂದು ಬಟ್ಟೆ ಗಂಟು. ನಿಕಿತಾಗೆ ಕನ್ನಡ ಓದಲು ಬರುವುದಿಲ್ಲ. "ಕ್ಯಾ ಲಿಖಾ ಹೈ ಅಮ್ಮಾ?" ಅಂದಳು. ಅಕ್ಷರ ಕೂಡಿಸಿ ಓದಿದೆ. ಶಾಲೆ ಬಿಟ್ಟ ಸರ್ಟಿಫಿಕೇಟು. ಹಾಲೇಶ. ಹರಪನಹಳ್ಳಿ ತಾಲೂಕು. ಎಡ ಹುಬ್ಬಿನಲ್ಲಿ ಗಾಯದ ಕಲೆ. ಆ ಕಲೆ ಇವರದೇ. ಗಂಟಿನಲ್ಲಿ ದಾರ ಕಟ್ಟಿದ ಬೆಳ್ಳಿ ಕರಡಿಗೆ. ಒಳಗೆ ಕಪ್ಪು ಲಿಂಗ.

ಹಜೀರಾದ ಕಂಪನಿ ಕಾಲನಿಯಿಂದ ಭಾನುವಾರ ದೋಸೆಗೆ ಬರುವ ಕಶ್ಯಪ್ ದಾವಣಗೆರೆಯವನು. ಅವನಿಗೆ ತೋರಿಸಿದೆ.

"ಇಷ್ಟಲಿಂಗ ಅಮ್ಮ. ಲಿಂಗಾಯತರು ಕೊರಳಿಗೆ ಕಟ್ಕೊಳ್ಳೋದು. ದಿನಾ ಅಂಗೈಲಿಟ್ಟು ಪೂಜೆ ಮಾಡ್ತಾರೆ. ಸತ್ತಾಗ ಇದನ್ನ ಜೊತೆಗಿಟ್ಟೇ ಮಣ್ಣು ಮಾಡ್ತಾರೆ."

"ಸುಡಲ್ವಾ?"

ಅವನು ತಟ್ಟೆ ನೋಡಿದ. "ಸುಡಲ್ಲಮ್ಮ."

ಯಾಕೆ ಎಲ್ಲ ಬಿಟ್ಟು ಬಂದರೋ. ಅಲ್ಲಿ ತಾಯಿ ಇದ್ದಾಳೋ, ಇನ್ನೊಬ್ಬ ಹೆಂಡತಿಯೇ ಇದ್ದಾಳೋ. ಫೋನ್ ಮಾಡಿ ವಿಚಾರಿಸ್ತೀನಿ ಅಂದ ಕಶ್ಯಪ್. ಬೇಡ ಅಂದೆ. ನಿಮ್ಮ ಮಗನನ್ನು ಸುಟ್ಟುಬಿಟ್ಟೆ ಅಂತ ಯಾವ ಬಾಯಲ್ಲಿ ಹೇಳಲಿ? ಇದೊಂದನ್ನೇ ಹೂಳಬಹುದಾ ಅಂತ ಕೇಳಿದೆ. ಅವನಿಗೂ ಗೊತ್ತಿಲ್ಲ.

ಈಗ ಬೆಳಿಗ್ಗೆ ಸ್ನಾನ ಮಾಡಿ ಅದನ್ನು ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತೇನೆ. ನೀರು ಹಾಕುತ್ತೇನೆ. ವಿಭೂತಿ ಹಚ್ಚುತ್ತೇನೆ. ಮಂತ್ರ ಬರುವುದಿಲ್ಲ. ಒರೆಸಿ, ಕರಡಿಗೆ ಮುಚ್ಚಿ, ಇಡ್ಲಿ ಬೇಯಲು ಇಡುತ್ತೇನೆ.