ನೀರು ಸಾಬರ ಮಾತು

ನರಸಿಂಹರಾಜಪುರದಿಂದ ಕಡಹಿನಬೈಲಿಗೆ ಹೋಗುವ ದಾರಿಯ ಮೇಲ್ಗಡೆ, ಎಪ್ಪತ್ತರ ದಶಕದಲ್ಲಿ ಒಂದು ಸುಣ್ಣಕಲ್ಲಿನ ಗಣಿ ಇತ್ತು. ಅಲ್ಲಿಯ ನೀರಿನ ಕೆಲಸವೆಲ್ಲ ಜಮಾಲನದು. ಮಳೆ ಹಿಡಿಯುವ ಮೊದಲು ಗುಡ್ಡದ ನೀರು ಗಣಿಗೆ ಇಳಿಯದಂತೆ ಸುತ್ತ ಅಗಳು ತೋಡಿಸಿ ಒಡ್ಡು ಕಟ್ಟಿಸಬೇಕು. ಮಳೆಗಾಲ ಮುಗಿದ ಮೇಲೆ ಗುಂಡಿಯಲ್ಲಿ ನಿಂತದ್ದನ್ನೂ ತಳದಲ್ಲಿ ಜಿನುಗುವುದನ್ನೂ ಡೀಸೆಲ್ ಪಂಪಿನಿಂದ ಎತ್ತಿ ಹಾಕಬೇಕು. ಹಾಲಿನಂತೆ ಬೆಳ್ಳಗಿರುವ ಆ ನೀರು ನೇರ ಹಳ್ಳಕ್ಕೆ ಬಿದ್ದರೆ ದನಗಳು ಮೂಸುವುದಿಲ್ಲವೆಂದು ಅವನು ಒಂದು ಹೊಂಡ ಮಾಡಿಸಿ, ಕೆಸರು ತಳಕ್ಕಿಳಿದು ತಿಳಿಯಾದ ಮೇಲೆ ಕೆಳಗೆ ಬಿಡುತ್ತಿದ್ದ.

ಆ ತಿಳಿನೀರು ಹರಿಯುತ್ತಿದ್ದದ್ದು ಸುಬ್ಬಮ್ಮನ ಗದ್ದೆಯ ಅಂಚಿನಲ್ಲಿ. ಗಂಡ ಸತ್ತ ಮೇಲೆ ಆಕೆ ಮಳೆಗಾಲದ ಒಂದು ಬೆಳೆಯಲ್ಲೇ ವರ್ಷ ತಳ್ಳುತ್ತಿದ್ದಳು.

"ಸುಮ್ನೆ ಹರಿದು ಹೋಗೋ ನೀರು ಅಕ್ಕಾ. ಬೇಸಿಗೆಗೂ ಒಂದು ಬೆಳೆ ಇಡಿ," ಎಂದು ಜಮಾಲನೇ ಹೇಳಿದ್ದು.

ಎರಡು ವರ್ಷ ಚೆನ್ನಾಗಿ ಬಂತು. ಹೊಸ ಅಕ್ಕಿಯ ಕಡುಬು ಮಾಡಿದಾಗ ಆಕೆ ಪಂಪಿನ ಶೆಡ್ಡಿಗೇ ತಂದು ಕೊಡುತ್ತಿದ್ದಳು. ಊರಿನವರು ಅವನನ್ನು ನೀರು ಸಾಬರು ಎನ್ನತೊಡಗಿದರು. ಆ ಹೆಸರು ಅವನಿಗೆ ಹಿತವಾಗಿತ್ತು.

ಮೂರನೆಯ ವರ್ಷ ದೀಪಾವಳಿ ಕಳೆದ ಮೇಲೆ, ಬಂಡೆಗೆ ಕುಳಿ ಹೊಡೆಯುವ ಚಾಂದ್ ಪಾಷಾ ಬೀಡಿ ಹಚ್ಚುತ್ತ ಹೇಳಿದ: "ಕಲ್ಲು ಮುಗೀತು ಮಾರಾಯ. ಬರೀ ಮಣ್ಣು ಬರ್ತಾ ಇದೆ. ಬೇಸಿಗೆ ತನಕ ಇದು ನಡೆಯೋದಿಲ್ಲ."

ಮರುದಿನವೇ ಸುಬ್ಬಮ್ಮ ಬಂದಳು. "ಬೇಸಿಗೆ ಬೆಳೆಗೆ ಅಗೆ ಹಾಕ್ಲಾ ಸಾಬ್ರೇ? ನೀರಿಗೆ ತೊಂದ್ರೆ ಇಲ್ವಲ್ಲ?"

ಚಾಂದ್ ಪಾಷಾನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಗಣಿಯ ಸಾಹುಕಾರರು ಇನ್ನೂ ಏನೂ ಹೇಳಿಲ್ಲವಲ್ಲ ಎಂದು ಸಮಾಧಾನ ತಂದುಕೊಂಡ. "ಹಾಕಿ ಅಕ್ಕಾ. ನಾನಿದೀನಲ್ಲ," ಎಂದುಬಿಟ್ಟ.

ಪೈರು ಹೊಡೆ ಬಿಚ್ಚಿ ತೆನೆ ಹೊರಡುವ ಹೊತ್ತಿಗೆ ಗಣಿ ನಿಂತಿತು; ಲಾರಿ ಬಂದು ಪಂಪನ್ನು ಹೇರಿಕೊಂಡಿತು. ಜಮಾಲ ಮ್ಯಾನೇಜರ್ ಸೋಮಶೇಖರಪ್ಪನವರ ಬೆನ್ನು ಹತ್ತಿದ. "ತೆನೆ ಬಲಿಯೋ ತನಕ ಬಿಡಿ ಸಾರ್."

"ಕಲ್ಲಿಲ್ಲದ ಗುಂಡಿಗೆ ಡೀಸೆಲ್ ಸುಡ್ತೀನಿ ಅಂದ್ರೆ ಸಾಹುಕಾರ್ರು ಒಪ್ತಾರಾ? ನೀನೇ ಹೇಳು," ಎಂದರು ಅವರು.

ಗುಂಡಿಯಲ್ಲಿ ನೀರು ದಿನದಿನಕ್ಕೂ ಏರಿತು, ಆದರೆ ಅಂಚಿಗಿಂತ ಬಹಳ ಕೆಳಗೇ ಉಳಿಯಿತು. ಜಮಾಲ ಡಬ್ಬಕ್ಕೆ ಹಗ್ಗ ಕಟ್ಟಿ ಸೇದಿ ಸೇದಿ ಹೊಯ್ದ. ಅಂಗೈ ಕಿತ್ತುಹೋಯಿತು, ಗದ್ದೆಯ ಒಂದು ಮೂಲೆಯೂ ನೆನೆಯಲಿಲ್ಲ. ಕೊನೆಗೆ ಸುಬ್ಬಮ್ಮ ಜೊಳ್ಳಾದ ಪೈರನ್ನು ಕೊಯ್ದು ದನಗಳಿಗೆ ಹಾಕಿದಳು.

"ನೀವೆಂತ ಮಾಡ್ತೀರಿ? ನಿಮ್ಗೂ ಗೊತ್ತಿರ್ಲಿಲ್ಲ," ಎಂದಳು.

ಜಮಾಲ ಹೌದೆಂದು ತಲೆಯಾಡಿಸಿದ.

ಆಮೇಲೆ ಅವನು ಕೊಪ್ಪದಲ್ಲಿ ಅಕ್ಕಿ ಮಿಲ್ಲು ಸೇರಿದ. ಸುಬ್ಬಮ್ಮ ಗದ್ದೆಯನ್ನು ಮೈದುನನಿಗೆ ಬಿಟ್ಟು ಬೇಗಾರಿನ ಮಗಳ ಮನೆಗೆ ಹೋದಳೆಂದು ಯಾರೋ ಹೇಳಿದರು. ಹೆಂಡತಿ ಬಿಲ್ಕಿಸ್ ಎದುರು ಒಮ್ಮೆ ಎಲ್ಲವನ್ನೂ ಹೇಳಿಕೊಂಡಾಗ ಆಕೆ, "ನಂಗೆ ಹೇಳಿ ಏನು ಬಂತು? ಅವ್ರಿಗೆ ಹೇಳಿ," ಎಂದಳು. ಹೊರಡುವುದಕ್ಕೆ ವರ್ಷಗಳೇ ಹಿಡಿದವು.

ಬೇಗಾರಿನಲ್ಲಿ ಸುಬ್ಬಮ್ಮ ಕಣ್ಣು ಮಬ್ಬಾಗಿ ಜಗಲಿಯ ಮೇಲೆ ಕೂತಿದ್ದಳು. ದನಿಯಿಂದಲೇ ಗುರುತು ಹಿಡಿದು ಮಗಳನ್ನು ಕರೆದಳು. "ಇವ್ರೇ ಕಣೆ, ನಮ್ಮ ಗದ್ದೆಗೆ ಕೈಯಲ್ಲಿ ನೀರು ಸೇದಿ ಹೊಯ್ದೋರು. ಕಾಫಿ ಮಾಡು."

ಜಮಾಲ ಕಾಫಿ ಕುಡಿದ, ಮೊಮ್ಮಕ್ಕಳ ಸುದ್ದಿ ಕೇಳಿದ, ಹೇಳಲಿಕ್ಕೆ ಬಂದದ್ದನ್ನು ಹೇಳದೆ ಎದ್ದ. ಬಸ್ಸು ಬರುವವರೆಗೆ ರಸ್ತೆಬದಿಯ ಮೋರಿಯ ಮೇಲೆ ಕೂತಿದ್ದ. ವಾಪಸು ಹೋಗಿ ಹೇಳಿಬರುವಷ್ಟು ಹೊತ್ತು ಇತ್ತು. ಹೋಗಲಿಲ್ಲ.