ಬೇಡ ಎಂದವಳು ನಾನು

ಶೇಖರಣ್ಣ ಮರೆತಿರಲಿಲ್ಲ. ಫೋನು ಮಾಡಿದ್ದರು. ಎತ್ತಿದವಳು ನಾನು, ಬೇಡ ಎಂದವಳೂ ನಾನು. ಮೂರು ವರ್ಷ ಈ ಮಾತನ್ನು ಗಂಟಲಲ್ಲೇ ಇಟ್ಟುಕೊಂಡೆ. ಕೇಳಬೇಕಾಗಿದ್ದವರು ಹೋಗಿ ಎರಡು ತಿಂಗಳಾಯಿತು. ಈಗ ಬರೆಯುತ್ತಿದ್ದೇನೆ — ಈಗ ಬರೆಯುವುದಕ್ಕೆ ಧೈರ್ಯವೇನೂ ಬೇಕಿಲ್ಲ, ಅದೂ ಗೊತ್ತು.

ನಮ್ಮವರು ಕಾಂದಿವಲಿಯ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದರು. ಪಕ್ಕದ ಮಷಿನ್ನಿನಲ್ಲಿ ಶೇಖರಣ್ಣ. ಊರಿನಿಂದ ಬಂದ ಹುಡುಗರು ರಜೆಯ ದಿನ ಕ್ರಿಕೆಟ್ಟು, ಸಿನಿಮಾ ಎಂದು ಹೋಗುವಾಗ ಇವರಿಬ್ಬರು ಅದು ಹೇಗೋ ರೈಫಲ್ ಶೂಟಿಂಗ್ ಕ್ಲಬ್ಬಿಗೆ ಸೇರಿದರು. ಬಯಲಿನಲ್ಲಿ ಮಲಗಿ ಐವತ್ತು ಮೀಟರ್ ದೂರದ ಕಾಗದದ ಕಣ್ಣಿಗೆ ಗುಂಡು ಹೊಡೆಯುವುದು. ಮದುವೆಯಾಗಿ ಮಲಾಡಿನ ಈ ಮನೆಗೆ ಬಂದ ಮೊದಲ ಭಾನುವಾರವೇ ಇವರು ಬೆಳಗಿನ ಲೋಕಲ್ ರೈಲು ಹಿಡಿದು ಹೊರಟರು. ನಾನು ಡಬ್ಬಿಗೆ ಇಡ್ಲಿ ಹಾಕಿಕೊಟ್ಟೆ. ಆಮೇಲೆ ಮೂವತ್ತೊಂದು ವರ್ಷ ಹಾಗೆಯೇ.

ಇವರ ರೈಫಲ್ಲಿನ ತೋಟೆ ತೀರ ಚಿಕ್ಕದು, ನನ್ನ ಕಿರುಬೆರಳಿನ ಒಂದು ಗೆಣ್ಣಿನಷ್ಟು. ಹೊರದೇಶದಿಂದ ಬರಬೇಕು. ಬಂದರೂ ಎಲ್ಲ ಒಂದೇ ಅಲ್ಲ. ಒಂದೇ ಕಂಪನಿಯದಾದರೂ ಒಂದು ಸಲ ತಯಾರಾದದ್ದಕ್ಕೂ ಇನ್ನೊಂದು ಸಲ ತಯಾರಾದದ್ದಕ್ಕೂ ಕೂದಲೆಳೆಯ ವ್ಯತ್ಯಾಸವಂತೆ. ಅದಕ್ಕೆ ಅವರು ಲಾಟ್ ಎನ್ನುತ್ತಿದ್ದರು. ಯಾವ ರೈಫಲ್ಲಿಗೆ ಯಾವ ಲಾಟ್ ಒಗ್ಗುತ್ತದೆ ಎಂದು ಹೊಡೆದೇ ತಿಳಿಯಬೇಕು. ಇವರಿಗೆ ಒಗ್ಗುವುದು ಸಿಕ್ಕಿದ್ದು ನಿವೃತ್ತಿಯ ವರ್ಷ. ಹತ್ತು ಗುಂಡುಗಳೂ ಒಂದೇ ತೂತಿನಲ್ಲಿ ಹೋದ ಹಾಗಿದ್ದ ಕಾಗದವನ್ನು ತಂದು ನನ್ನ ಮುಂದೆ ಹಿಡಿದಿದ್ದರು. ಶೇಖರಣ್ಣ ಹಿಂದೆಯೇ ಬಂದು, “ಮದುವೆಗೂ ಇವ ಇಷ್ಟು ಜಾತಕ ನೋಡಿರ್ಲಿಕ್ಕಿಲ್ಲ ಅತ್ತಿಗೆ,” ಎಂದರು. ನಾನೂ ನಕ್ಕೆ. ಕಾಗದ ನನಗೆ ಅರ್ಥವಾಗಿರಲಿಲ್ಲ.

ಆಗ ಶೇಖರಣ್ಣ ಕ್ಲಬ್ಬಿನ ಸೆಕ್ರೆಟರಿ. ತೋಟೆಗಳು ಬರುವುದು ಕಡಿಮೆಯಾಗುತ್ತಿದೆ, ಮುಂದೆ ಬರುವುದೇ ಅನುಮಾನ ಎಂದು ಸುದ್ದಿ ಹಬ್ಬಿತ್ತು. ಆ ಲಾಟಿನಲ್ಲಿ ಎರಡು ಸಾವಿರದಷ್ಟು ಕ್ಲಬ್ಬಿನಲ್ಲಿ ಹೆಚ್ಚುವರಿ ಉಳಿದಿತ್ತು. ಎಲ್ಲ ತೆಗೆದುಕೊಂಡು ಇಟ್ಟುಕೊಳ್ಳಬೇಕೇ, ಬೇಡವೇ — ಇವರು ಹದಿನೈದು ದಿನ ಒದ್ದಾಡಿದರು. ಲೈಸೆನ್ಸಿನಲ್ಲಿ ಅವಕಾಶವಿತ್ತು. ಆದರೆ ಬೇರೆಯವರಿಗೂ ಬೇಕಲ್ಲ ಎನ್ನುವರು. ಅರವತ್ತೊಂದರ ಮೇಲೆ ಎಷ್ಟು ವರ್ಷ ಹೊಡೆದೇನು ಎನ್ನುವರು. ಅನ್ನ ಕಲಸುತ್ತಾ ಕೈ ನಿಲ್ಲಿಸಿ ನನ್ನನ್ನು ಕೇಳುವರು:

“ನೀ ಏನ್ ಹೇಳ್ತಿ ಮಾರಾಯ್ತಿ?”

“ನಂಗೇನು ಗೊತ್ತು ನಿಮ್ಮ ಗುಂಡಿನ ವಿಷಯ?”

ಒಂದು ಬುಧವಾರ ರಾತ್ರಿ ಊಟ ಮುಗಿಸಿ ಏಳುವಾಗ ತಾವೇ ಹೇಳಿದರು: “ಆಯ್ತು. ತಗೊಂಡೇ ಬಿಡ್ತೇನೆ, ಭಾನುವಾರ ಶೇಖರನಿಗೆ ಹೇಳ್ತೇನೆ. ಏಳೆಂಟು ವರ್ಷಕ್ಕಾಯ್ತು, ಇನ್ನು ಯಾರ ಹಂಗೂ ಇಲ್ಲ.” ಮಕ್ಕಳ ಹಾಗೆ ಸಂತೋಷಪಟ್ಟರು.

ನನಗೆ ಕೇಳಿಸಿದ್ದು ಏಳೆಂಟು ವರ್ಷ ಎನ್ನುವುದೊಂದೇ. ಇನ್ನೂ ಏಳೆಂಟು ವರ್ಷದ ಭಾನುವಾರಗಳು. ನಿವೃತ್ತಿಯಾದ ಮೇಲೆ ಒಂದು ಭಾನುವಾರವಾದರೂ ಇಬ್ಬರೂ ಕೂತು ಬಿಸಿ ದೋಸೆ ತಿನ್ನುತ್ತೇವೆ, ಸಂಜೆ ಸಮುದ್ರದ ಕಡೆ ಹೋಗುತ್ತೇವೆ ಎಂದು ನಾನು ಎಂದೋ ಮನಸ್ಸಿನಲ್ಲಿ — ಅವರಿಗೆ ಹೇಳಿರಲಿಲ್ಲ. ಹೇಳಿದ್ದರೆ ನಿಲ್ಲುತ್ತಿದ್ದರೋ ಏನೋ. ಬಾಯಿಬಿಟ್ಟು ಕೇಳಲು ನನಗೆ ಸೊಕ್ಕು.

ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಇವರು ಹಿಟ್ಟಿನ ಗಿರಣಿಗೆ ಹೋಗಿದ್ದರು. ಇವರ ಫೋನು ಮನೆಯಲ್ಲೇ ಚಾರ್ಜಿಗಿತ್ತು. ಶೇಖರಣ್ಣನ ಹೆಸರು ಬಂತು.

“ಅತ್ತಿಗೆ, ವಾಸು ಎಲ್ಲಿ? ಆ ಲಾಟಿಗೆ ಎಲ್ರೂ ಮುಗಿಬಿದ್ದಿದ್ದಾರೆ. ಕಮಿಟಿಯವ್ರು ಇವತ್ತು ಸಂಜೆಗೇ ಹಂಚಿ ಮುಗಿಸ್ಬೇಕು ಅಂತಾರೆ. ಅವಂದು ಹೌದಾ, ಅಲ್ವಾ, ಅಷ್ಟು ಹೇಳಿದ್ರೆ ಸಾಕು.”

“ಬೇಡ ಅಂದಿದ್ದಾರೆ,” ಎಂದೆ.



“ನಿಜವಾಗ್ಲೂ? ಬೇಡ ಅಂದ್ನಾ?”

“ಹೌದು ಶೇಖರಣ್ಣ. ವಯಸ್ಸಾಯ್ತಲ್ಲ, ಸಾಕು ಅಂದ್ರು.”

ಅವರು ಮತ್ತೆ ಕೇಳಲಿಲ್ಲ. ನಮ್ಮ ಜನರಲ್ಲಿ ಮನೆಯಾಕೆ ಫೋನಿನಲ್ಲಿ ಹೇಳಿದರೆ ಅದು ಯಜಮಾನರೇ ಹೇಳಿದ ಹಾಗೆ. ಆ ನಂಬಿಕೆಯ ಮೇಲೆಯೇ ಎಷ್ಟೋ ಲಗ್ನದ ಮಾತುಗಳು ಕೂಡ ನಡೆದುಹೋಗುತ್ತವೆ. ಫೋನು ಇಟ್ಟ ಮೇಲೆ ನಾನು ಇನ್ನೊಂದು ಕೆಲಸ ಮಾಡಿದೆ. ಮಗಳು ಕಲಿಸಿಕೊಟ್ಟಿದ್ದಳು, ಬಂದ ಕರೆಯನ್ನು ಅಳಿಸುವುದು ಹೇಗೆಂದು. ಅಳಿಸಿದೆ. ಬಾಯಿ ತಪ್ಪಿ ಆಡಿದೆ ಎಂದು ಹೇಳಿಕೊಳ್ಳುವ ದಾರಿಯನ್ನು ನಾನೇ ಮುಚ್ಚಿಕೊಂಡೆ.

ಭಾನುವಾರ ಇವರು ಮಧ್ಯಾಹ್ನಕ್ಕೆ ಮೊದಲೇ ಹಿಂದೆ ಬಂದರು. ಡಬ್ಬಿ ತೆರೆದಿರಲಿಲ್ಲ. ಚಪ್ಪಲಿ ಬಿಚ್ಚುತ್ತಾ ಗೋಡೆಗೆ ಹೇಳುವ ಹಾಗೆ ಹೇಳಿದರು: “ಎಲ್ಲ ಹಂಚಿಬಿಟ್ಟಿದ್ದಾರೆ. ಶೇಖರನಿಗೆ ನನ್ನ ನೆನಪೇ ಆಗ್ಲಿಲ್ಲಂತೆ. ಮರ್ತೋಯ್ತು ಮಾರಾಯ, ತಪ್ಪಾಯ್ತು ಅಂತಾನೆ. ಮೂವತ್ತು ವರ್ಷ ಪಕ್ಕದಲ್ಲಿ ಮಲಗಿ ಹೊಡೆದವ, ಮರ್ತೋಯ್ತಂತೆ.”

ನಾನು ಒಲೆಯ ಮುಂದೆ ನಿಂತಿದ್ದೆ. ಶೇಖರಣ್ಣ ಏನು ಮಾಡಿದ್ದಾರೆಂದು ಆ ಕ್ಷಣವೇ ನನಗೆ ತಿಳಿಯಿತು. ನಾನು ಸುಳ್ಳು ಹೇಳಿದ್ದು ಇವರ ಮುಖ ನೋಡಿದೊಡನೆ ಶೇಖರಣ್ಣನಿಗೆ ಗೊತ್ತಾಗಿದೆ. ಗೊತ್ತಾಗಿ, ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡಿದ್ದಾರೆ. ತಿರುಗಿ ನಿಂತು ಒಂದು ಮಾತು ಹೇಳಿದ್ದರೆ — ಒಂದೇ ಮಾತು. ನಾನು, “ಊಟ ಬಡಿಸಲಾ?” ಎಂದೆ.

ಅಂದಿನಿಂದ ಇವರು ಶೇಖರಣ್ಣನ ಜೊತೆ ಮಾತು ಬಿಟ್ಟರು. ಪವಾಯಿಯಿಂದ ಮಗಳು ಅಶ್ವಿನಿ ಬಂದಾಗ ಕೇಳಿದಳು, “ಪಪ್ಪಾ, ಕ್ಯಾ ಹುವಾ? ಇಷ್ಟು ಚೋಟಾ ಗೋಲಿಗೆ ಮಾತು ಬಿಡೋದಾ ಅಂಕಲ್ ಜೊತೆ?” ಇವರು ನಗಲಿಲ್ಲ. “ಗುಂಡಿಗೆ ಅಲ್ಲ ಮಗಾ,” ಎಂದರು.

ಮನೆಯಲ್ಲಿ ಉಳಿದಿದ್ದು ಅರವತ್ತೆರಡು ತೋಟೆಗಳು. ಮುಂದೆ ಬರಲಿಲ್ಲ. ಬಂದ ಬೇರೆ ಲಾಟು ಒಗ್ಗಲಿಲ್ಲ. ಹಿರಿಯರ ಪಂದ್ಯಕ್ಕೆ ಬೇಕೆಂದು ಆ ಅರವತ್ತೆರಡನ್ನು ಇವರು ಮುಟ್ಟಲಿಲ್ಲ. ಕ್ಲಬ್ಬಿನ ಬಯಲಿಗೆ ಹೋಗುವುದು ಮೊದಲು ಹದಿನೈದು ದಿನಕ್ಕೊಮ್ಮೆ ಆಯಿತು, ಆಮೇಲೆ ನಿಂತೇಹೋಯಿತು. ಪಂದ್ಯಕ್ಕೂ ಹೋಗಲಿಲ್ಲ. ಅಲ್ಲಿ ಶೇಖರ ಇರುತ್ತಾನೆ ಎಂದರು.

ನನ್ನ ಭಾನುವಾರಗಳು ನನಗೆ ಸಿಕ್ಕಿದವು. ಇವರು ಹಜಾರದಲ್ಲಿ ಚಾಪೆ ಹಾಸಿ, ಖಾಲಿ ರೈಫಲ್ ಹಿಡಿದು, ಎದುರಿನ ಗೋಡೆಗೆ ಅಂಟಿಸಿದ ಕಪ್ಪು ಚುಕ್ಕಿಗೆ ಗುರಿಯಿಟ್ಟು ಮಲಗುವರು. ಟಿಕ್. ಸ್ವಲ್ಪ ಹೊತ್ತಿಗೆ ಮತ್ತೆ, ಟಿಕ್. ಗುಂಡಿಲ್ಲದೆ ಹಾಗೂ ಅಭ್ಯಾಸ ಮಾಡುತ್ತಾರಂತೆ. ದೋಸೆ ಆರಿಹೋಗುತ್ತಿತ್ತು. ಕರೆದರೆ ಬಂದು ತಿನ್ನುವರು, ಚೆನ್ನಾಗಿದೆ ಎನ್ನುವರು. ಸಮುದ್ರಕ್ಕೆ ಒಮ್ಮೆ ಹೋದೆವು. ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಇಷ್ಟಕ್ಕೇ ನಿಂತಿದ್ದರೂ — ನಿಲ್ಲಲಿಲ್ಲ. ಈ ವರ್ಷ ಹೃದಯದ ತೊಂದರೆ ಎಂದು ಇವರನ್ನು ಆಸ್ಪತ್ರೆಗೆ ಸೇರಿಸಿದೆವು. ಒಂಬತ್ತು ದಿನ ಇದ್ದರು. ಎರಡನೆಯ ದಿನದಿಂದ ಶೇಖರಣ್ಣ ಕೆಳಗಿನ ಬೆಂಚಿನಲ್ಲಿ ಕೂತಿರುತ್ತಿದ್ದರು, ಸಂಜೆ ನಾಲ್ಕರಿಂದ ಆರರವರೆಗೆ. “ನಾ ಬಂದ್ರೆ ಅವಂಗೆ ಸಿಟ್ಟು ಬರ್ತದೆ ಅತ್ತಿಗೆ. ಅವ ಕೇಳಿದ್ರೆ ಮಾತ್ರ ಹೇಳಿ, ಬರ್ತೇನೆ,” ಎಂದಿದ್ದರು.

ಏಳನೆಯ ದಿನ ಇವರು ಕೇಳಿದರು. “ಕೆಳಗೆ ಯಾರಾದ್ರೂ ಬಂದಿದ್ರಾ?” ಹೆಸರು ಹೇಳಲಿಲ್ಲ. ಯಾರನ್ನು ಕೇಳುತ್ತಿದ್ದಾರೆಂದು ಗೊತ್ತಾಗದಷ್ಟು ಹೊಸಬಳಲ್ಲ ನಾನು. ಇಬ್ಬರೂ ಎದುರು ಬದುರಾದರೆ ಆ ಗುರುವಾರದ ಮಾತು ಹೊರಗೆ ಬಂದೀತು, ಕೊನೆಗಾಲದಲ್ಲಿ ಇವರು ನನ್ನನ್ನು ಹೇಗೆ ನೋಡಿಯಾರು —

“ಯಾರೂ ಇಲ್ಲ,” ಎಂದೆ.

ಅವರು ಹೂಂ ಎಂದು ಗೋಡೆಯ ಕಡೆ ತಿರುಗಿದರು. ಶೇಖರಣ್ಣ ಆಗ ಎರಡು ಮಹಡಿ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಮೋಸಂಬಿ ಇಟ್ಟುಕೊಂಡು ಕೂತಿದ್ದರು. ಒಂಬತ್ತನೆಯ ದಿನದ ಸಂಜೆಗೆ ಇವರು ಇರಲಿಲ್ಲ.

ಲೈಸೆನ್ಸು ಅವರ ಹೆಸರಿನದು. ಅವರು ಹೋದ ಮೇಲೆ ರೈಫಲ್ಲಾಗಲಿ ತೋಟೆಗಳಾಗಲಿ ಮನೆಯಲ್ಲಿ ಇರುವಂತಿಲ್ಲ. ಶೇಖರಣ್ಣನೇ ಕಾಗದಪತ್ರ ಮಾಡಿಸಿ ಪೊಲೀಸ್ ಠಾಣೆಗೆ ನನ್ನ ಜೊತೆ ಬಂದರು. ಅಲ್ಲಿಯವನು ತೋಟೆಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಎಣಿಸಿದ. ಬಾಸಷ್ಟ್ ಎಂದು ಮರಾಠಿಯಲ್ಲಿ ಹೇಳಿದ. ಅರವತ್ತೆರಡು. ಒಂದೂ ಕಡಿಮೆಯಾಗಿರಲಿಲ್ಲ.

ಹೊರಗೆ ಬಂದು ರಿಕ್ಷಾಕ್ಕೆ ನಿಂತಾಗ ಕೇಳಿದೆ, “ಅವತ್ತು ನನ್ನ ಹೆಸರು ಯಾಕೆ ಹೇಳ್ಲಿಲ್ಲ ಶೇಖರಣ್ಣ?”

ಅವರು ರಸ್ತೆಯನ್ನೇ ನೋಡುತ್ತಿದ್ದರು. “ಹೇಳಿದ್ರೆ ನಿಮ್ಮ ಹತ್ರ ಮಾತು ಬಿಡ್ತಿದ್ದ. ನನ್ನ ಹತ್ರ ಬಿಟ್ರೆ ಅಡ್ಡಿಯಿಲ್ಲ ಅಂತ. ನಾನೇನು ಅವನ ಜೊತೆ ಒಂದೇ ಮನೇಲಿ ಇರ್ತೇನಾ ಅತ್ತಿಗೆ?” ದೂರದ ರಿಕ್ಷಾಕ್ಕೆ ಕೈ ಮಾಡುತ್ತಾ, “ಒಂದು ವರ್ಷದಲ್ಲಿ ಸರಿ ಹೋಗ್ತಾನೆ ಅಂದ್ಕೊಂಡಿದ್ದೆ,” ಎಂದರು.

ಆಸ್ಪತ್ರೆಯ ಏಳನೆಯ ದಿನದ ಮಾತನ್ನು ನಾನು ಅವರಿಗೆ ಇನ್ನೂ ಹೇಳಿಲ್ಲ. ಹೇಳಲು ಬಾಯಿ ತೆರೆದೆ, ರಿಕ್ಷಾ ಬಂತು.

ಮುಂದಿನ ತಿಂಗಳು ಕ್ಲಬ್ಬಿನಲ್ಲಿ ಇವರ ಹೆಸರಿನಲ್ಲಿ ಒಂದು ಸಣ್ಣ ಪಂದ್ಯ ಇಟ್ಟಿದ್ದಾರೆ. ಮನೆಯವರು ಎರಡು ಮಾತು ಆಡಬೇಕೆಂದು ಕೇಳಿದ್ದಾರೆ. ಗೆಳೆಯನನ್ನೇ ಮರೆತ ಸೆಕ್ರೆಟರಿ ಎಂದು ಶೇಖರಣ್ಣನನ್ನು ಈಗಲೂ ಆಡಿಕೊಳ್ಳುವವರು ಅಲ್ಲಿದ್ದಾರೆ. ನನಗೆ ಭಾಷಣ ಬರುವುದಿಲ್ಲ. ಈ ಹಾಳೆಗಳನ್ನು ಓದುತ್ತೇನೆ, ಮೊದಲ ಸಾಲಿನಿಂದ, ಏಳನೆಯ ದಿನವನ್ನೂ ಬಿಡದೆ.

ಪಂದ್ಯದ ದಿನ ಭಾನುವಾರ. ಬೆಳಗಿನ ಲೋಕಲ್ಲಿಗೇ ಹೊರಡಬೇಕು.